ವಿಶ್ವವಿದ್ಯಾಲಯಗಳ ಸೂಪರ್‌ಕಂಪ್ಯೂಟರ್ ಮತ್ತು ಉತ್ತರ ಕನ್ನಡದ ವಿದ್ಯಾರ್ಥಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಶಿರಸಿ, ಹಳಿಯಾಳ ಭಾಗದ ಕಾಲೇಜುಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ, ಮಕ್ಕಳ ಮುಂದಿನ ಓದಿನ ಬಗ್ಗೆ ಯೋಚಿಸುವ ಪಾಲಕರೂ ಸೂಪರ್‌ಕಂಪ್ಯೂಟರ್‌ಗಳ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇಂಥ ಯಂತ್ರಗಳಿರುವುದು ಬೆಂಗಳೂರು, ಪುಣೆಯಂಥ ಊರುಗಳಲ್ಲಿ. ಆದರೆ ಅವುಗಳಿಗೆ ಒಪ್ಪಿಸಬೇಕಾದ ಪ್ರಶ್ನೆಗಳಲ್ಲಿ ಬಹಳಷ್ಟು ನಮ್ಮ ಘಟ್ಟ, ನದಿ, ಕಡಲುಗಳಲ್ಲೇ ಇವೆ. ಆದ್ದರಿಂದ ಉದಾಹರಣೆಗಳನ್ನು ಆದಷ್ಟೂ ಈ ಜಿಲ್ಲೆಯಿಂದಲೇ ಆರಿಸಿಕೊಳ್ಳಲಾಗಿದೆ.

ನಮ್ಮ ಲ್ಯಾಬಿನ ಕಂಪ್ಯೂಟರಿಗೂ ಸೂಪರ್‌ಕಂಪ್ಯೂಟರಿಗೂ ನಿಜವಾದ ವ್ಯತ್ಯಾಸವೇನು?

ಸೂಪರ್‌ಕಂಪ್ಯೂಟರ್ ಎಂಬುದು ಒಂದೇ ಒಂದು ದೈತ್ಯ ಕಂಪ್ಯೂಟರ್ ಅಲ್ಲ. ನೂರಾರು, ಕೆಲವೊಮ್ಮೆ ಸಾವಿರಾರು ಕಂಪ್ಯೂಟರ್‌ಗಳನ್ನು ಎತ್ತರದ ರ‍್ಯಾಕ್‌ಗಳಲ್ಲಿ ಜೋಡಿಸಿ, ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವಂತೆ ಅಣಿಗೊಳಿಸಿದ ವ್ಯವಸ್ಥೆ ಅದು. ಒಂದೊಂದು ಕಂಪ್ಯೂಟರನ್ನೂ ನೋಡ್ ಎನ್ನುತ್ತಾರೆ; ಒಂದೊಂದು ನೋಡ್‌ನಲ್ಲೂ ಲೆಕ್ಕ ಮಾಡುವ ಹತ್ತಾರು ಘಟಕಗಳು, ಅಂದರೆ ಕೋರ್‌ಗಳು ಇರುತ್ತವೆ, ಕೆಲವದರಲ್ಲಿ ಒಂದೇ ಬಗೆಯ ಸಾವಿರಾರು ಲೆಕ್ಕಗಳನ್ನು ಒಟ್ಟಿಗೆ ಮಾಡುವ ಜಿಪಿಯು ಕಾರ್ಡ್‌ಗಳೂ ಇರುತ್ತವೆ. ಬಿಡಿಯಾಗಿ ನೋಡಿದರೆ ಅಲ್ಲಿನ ಒಂದು ಕೋರ್ ನಿಮ್ಮ ಲ್ಯಾಪ್‌ಟಾಪಿನ ಕೋರಿಗಿಂತ ವೇಗದ್ದೇ ಆಗಿರಬೇಕೆಂದಿಲ್ಲ. ಶಕ್ತಿ ಇರುವುದು ಕೋರ್‌ಗಳ ಸಂಖ್ಯೆಯಲ್ಲಿ ಮತ್ತು ನೋಡ್‌ಗಳ ನಡುವಿನ ಸಂಪರ್ಕದಲ್ಲಿ: ಒಂದು ನೋಡ್‌ನ ಮಾಹಿತಿ ಮತ್ತೊಂದಕ್ಕೆ ಮುಟ್ಟಲು ಒಂದೆರಡು ಮೈಕ್ರೊಸೆಕೆಂಡು (ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ) ಸಾಕು.

2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪನೆಯಾದ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 3,300 ಲಕ್ಷ ಕೋಟಿ ಲೆಕ್ಕಗಳು. ಅದರ ಸಂಗ್ರಹ ಸಾಮರ್ಥ್ಯ 4 ಪೆಟಾಬೈಟ್, ಅಂದರೆ ಸುಮಾರು 40 ಲಕ್ಷ ಗಿಗಾಬೈಟ್.

ಹವಾಮಾನ ಮುನ್ಸೂಚನೆ ಕೊಡುವ ಸಂಸ್ಥೆಗಳಿಗೆ ಇದು ಬೇಕು, ಸರಿ. ವಿಶ್ವವಿದ್ಯಾಲಯಗಳಿಗೆ ಏಕೆ ಬೇಕು?

ಮುನ್ಸೂಚನಾ ಕೇಂದ್ರದ ಯಂತ್ರ ಈಗಾಗಲೇ ಪರೀಕ್ಷೆಗೆ ಒಳಗಾದ ವಿಧಾನವನ್ನು ದಿನವೂ ಹೊತ್ತಿಗೆ ಸರಿಯಾಗಿ ನಡೆಸಬೇಕು. ಅಲ್ಲಿ ಹೊಸ ಪ್ರಯೋಗಕ್ಕೆ ಹೆಚ್ಚು ಅವಕಾಶವಿರುವುದಿಲ್ಲ, ಇರಲೂಬಾರದು. ಇನ್ನೂ ಯಾರೂ ಮಾಡಿ ನೋಡಿರದ ವಿಧಾನವನ್ನು ಪ್ರಯತ್ನಿಸುವ, ಹತ್ತರಲ್ಲಿ ಒಂಬತ್ತು ವಿಫಲವಾದರೂ ಸಹಿಸಿಕೊಳ್ಳುವ ಸ್ಥಳ ವಿಶ್ವವಿದ್ಯಾಲಯ. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ, ಮುನ್ಸೂಚನಾ ಕೇಂದ್ರದಲ್ಲಿ ನಾಳೆ ಕೆಲಸ ಮಾಡಬೇಕಾದವರು ಇಂದು ಎಲ್ಲಿಯಾದರೂ ಕಲಿಯಲೇಬೇಕು. ಒಂದೇ ಯಂತ್ರದ ಮೇಲೆ ಪ್ರಾಧ್ಯಾಪಕರ ಸಂಶೋಧನೆಯೂ ಎಂ.ಟೆಕ್. ವಿದ್ಯಾರ್ಥಿಯ ಮೊದಲ ಪ್ರಯತ್ನವೂ ನಡೆಯುವುದು ವಿಶ್ವವಿದ್ಯಾಲಯದಲ್ಲಿ ಮಾತ್ರ.

ನಮ್ಮ ದೇಶ ಈ ದಾರಿಯಲ್ಲಿ ಮೂರೂವರೆ ದಶಕ ನಡೆದಿದೆ. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್, ಅಂದರೆ ಸುಧಾರಿತ ಕಂಪ್ಯೂಟಿಂಗ್ ಅಭಿವೃದ್ಧಿ ಕೇಂದ್ರ, ಸ್ಥಾಪನೆಯಾಯಿತು. ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ಪರಮ್ 8000 ಎಂಬ ಸೂಪರ್‌ಕಂಪ್ಯೂಟರ್ ಸಿದ್ಧವಾಯಿತು. 2015ರಲ್ಲಿ 4,500 ಕೋಟಿ ರೂಪಾಯಿ ಅಂದಾಜಿನ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಆರಂಭವಾಗಿ, ಸಿ-ಡ್ಯಾಕ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳು ಅದನ್ನು ಕಾರ್ಯರೂಪಕ್ಕೆ ತರುವ ಹೊಣೆ ಹೊತ್ತವು. ಅದರ ಮೊದಲ ಯಂತ್ರ ಪರಮ್ ಶಿವಾಯ್ 2019ರಲ್ಲಿ ವಾರಾಣಸಿಯ ಐಐಟಿಯಲ್ಲಿ ಬಂತು. ಈ ಯೋಜನೆಯ ಹೆಚ್ಚಿನ ಯಂತ್ರಗಳನ್ನು ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಲ್ಲೇ ಇರಿಸಿದ್ದು ಸರಿಯಾದ ನಿರ್ಧಾರ ಎಂದೇ ಹೇಳಬೇಕು.

ನಮ್ಮ ಜಿಲ್ಲೆಯ ಮಳೆಯನ್ನು ಮುಂಚಿತವಾಗಿ ಹೇಳುವುದು ಅಷ್ಟು ಕಷ್ಟವೇಕೆ? ಯಂತ್ರದ ವೇಗ ಹೆಚ್ಚಿದರೆ ಏನು ಬದಲಾಗುತ್ತದೆ?

ಹವಾಮಾನದ ಮಾದರಿ, ಅಂದರೆ ಹವಾಮಾನವನ್ನು ಲೆಕ್ಕ ಹಾಕುವ ಪ್ರೋಗ್ರಾಂ, ಭೂಮಿಯನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಮೇಲಿನ ಗಾಳಿಯನ್ನು ಹಲವು ಪದರಗಳಾಗಿ ಕಲ್ಪಿಸಿಕೊಂಡು, ಒತ್ತಡ, ಉಷ್ಣತೆ, ತೇವಾಂಶ, ಗಾಳಿಯ ವೇಗಗಳು ಕ್ಷಣಕ್ಷಣಕ್ಕೂ ಹೇಗೆ ಬದಲಾಗುತ್ತವೆ ಎಂದು ಲೆಕ್ಕ ಹಾಕುತ್ತದೆ. ಒಂದು ಚೌಕಕ್ಕೆ ಒಂದೇ ಎತ್ತರ, ಒಂದೇ ಮಳೆ. ಚೌಕದ ಒಳಗೆ ಏನಿದೆ ಎಂಬುದು ಮಾದರಿಗೆ ನೇರವಾಗಿ ಕಾಣುವುದಿಲ್ಲ.

ಈಗ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ದಾರಿಯನ್ನು ನೆನಪಿಸಿಕೊಳ್ಳಿ. ಸಮುದ್ರಮಟ್ಟದಲ್ಲಿ ಹೊರಟವರು ಕೆಲವೇ ಹತ್ತು ಕಿಲೋಮೀಟರುಗಳಲ್ಲಿ ಸುಮಾರು 600 ಮೀಟರ್ ಎತ್ತರದಲ್ಲಿರುತ್ತಾರೆ. ಅರಬ್ಬೀ ಸಮುದ್ರದ ತೇವ ಹೊತ್ತ ಗಾಳಿ ಇದೇ ಗೋಡೆಗೆ ಬಡಿದು ಮೇಲೇರಿ ತಣಿದು ಮಳೆಯಾಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಅದೇ ಜಿಲ್ಲೆಯ ಮುಂಡಗೋಡದಲ್ಲಿ ಅದರ ಅರ್ಧವೂ ಬೀಳುವುದಿಲ್ಲ. 12 ಕಿಲೋಮೀಟರ್ ಅಗಲದ ಚೌಕದಲ್ಲಿ ಘಟ್ಟದ ಬುಡವೂ ನೆತ್ತಿಯೂ ಒಟ್ಟಿಗೆ ಸೇರಿಹೋಗಬಹುದು. ಆಗ ಕಡಿದಾದ ಇಳಿಜಾರು ಸರಾಸರಿ ದಿಬ್ಬವಾಗಿ ಬಿಡುತ್ತದೆ, ಮಳೆಯ ಲೆಕ್ಕವೂ ಅದರಂತೆಯೇ ಮಂಕಾಗುತ್ತದೆ.

ಹಾಗಾದರೆ ಚೌಕವನ್ನು ಚಿಕ್ಕದು ಮಾಡಿದರಾಯಿತಲ್ಲ ಎನ್ನಬಹುದು. ಕಷ್ಟ ಇರುವುದು ಅಲ್ಲಿಯೇ. ಚೌಕದ ಅಗಲವನ್ನು ಅರ್ಧಕ್ಕೆ ಇಳಿಸಿದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಚಿಕ್ಕ ಚೌಕವನ್ನು ಗಾಳಿ ಬೇಗ ದಾಟುವುದರಿಂದ ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕು, ಇಲ್ಲವಾದರೆ ಲೆಕ್ಕವೇ ಕೆಟ್ಟು ಅರ್ಥವಿಲ್ಲದ ಅಂಕೆಗಳು ಬರುತ್ತವೆ. ಒಟ್ಟು ಕೆಲಸ ಎಂಟು ಪಟ್ಟು. ಗಾಳಿಯ ಪದರಗಳನ್ನೂ ಹೆಚ್ಚಿಸಿದರೆ ಇನ್ನೂ ಹೆಚ್ಚು. 2024ರ ಸೆಪ್ಟೆಂಬರಿನಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 11.77 ಪೆಟಾಫ್ಲಾಪ್ ಸಾಮರ್ಥ್ಯದ ಅರ್ಕ ಎಂಬ ಸೂಪರ್‌ಕಂಪ್ಯೂಟರ್ ಬಂದಮೇಲೆಯೇ, 12 ಕಿಲೋಮೀಟರ್ ಚೌಕದಿಂದ 6 ಕಿಲೋಮೀಟರ್ ಚೌಕಕ್ಕೆ ಇಳಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಎಂಬ ಹವಾಮಾನ ಮಾದರಿ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದಿತು. ಕೊಳೆ ರೋಗಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಯಲು ಮಳೆ ಯಾವಾಗ ಎರಡು ದಿನ ಬಿಡುವು ಕೊಡುತ್ತದೆ ಎಂದು ಕಾಯುವ ಅಡಿಕೆ ಬೆಳೆಗಾರನಿಗೆ ಈ 12ಕ್ಕೂ 6ಕ್ಕೂ ಇರುವ ಅಂತರ ಕೇವಲ ಅಂಕೆಯದಲ್ಲ.

ಗುಡ್ಡ ಕುಸಿತವನ್ನು ಸೂಪರ್‌ಕಂಪ್ಯೂಟರ್ ಮೊದಲೇ ಹೇಳಬಲ್ಲುದೇ?

ಇಂಥ ದಿನ, ಇಂಥ ಗಂಟೆಗೆ, ಇದೇ ಗುಡ್ಡ ಎಂದು ಹೇಳಲಾರದು. ಯಾರಾದರೂ ಹಾಗೆ ಹೇಳಿದರೆ ನಂಬಬಾರದು. ಆದರೆ ಎಷ್ಟು ಮಳೆಗೆ ಯಾವ ಇಳಿಜಾರು ಅಪಾಯದ ಅಂಚಿಗೆ ಬರುತ್ತದೆ ಎಂಬ ಅಂದಾಜನ್ನು ಅದು ಕೊಡಬಲ್ಲದು, ಮತ್ತು ಅಂಥ ಅಂದಾಜು ಬಹಳ ಬೆಲೆಯುಳ್ಳದ್ದು.

2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ, 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡಗಳು ಕುಸಿದವು. ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದ ಮಣ್ಣು ಗಂಗಾವಳಿ ನದಿಯವರೆಗೂ ನುಗ್ಗಿತು. ಇಂಥ ಪ್ರಶ್ನೆಯನ್ನು ಲೆಕ್ಕವಾಗಿ ರೂಪಿಸುವುದು ಹೇಗೆಂದು ನೋಡೋಣ. ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿಲೋಮೀಟರ್. ಉಪಗ್ರಹಗಳಿಂದ ಪಡೆದ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ನೆಲದ ಎತ್ತರದ ನಕ್ಷೆಯಲ್ಲಿ ಒಂದೊಂದು ಚೌಕ 30 ಮೀಟರ್ ಅಗಲದ್ದು. ಹಾಗಾಗಿ ಇಡೀ ಜಿಲ್ಲೆಗೆ ಸುಮಾರು 1.14 ಕೋಟಿ ಚೌಕಗಳು. ಪ್ರತಿ ಚೌಕಕ್ಕೂ ಇಳಿಜಾರು, ಮಣ್ಣಿನ ಆಳ, ಮಣ್ಣಿನ ಹಿಡಿತ, ಒಳಗೆ ಇಂಗಿದ ನೀರು ಇವುಗಳನ್ನು ಇಟ್ಟುಕೊಂಡು ಇಳಿಜಾರು ನಿಲ್ಲುತ್ತದೆಯೇ ಜಾರುತ್ತದೆಯೇ ಎಂದು ಲೆಕ್ಕ ಹಾಕಬೇಕು. ಮಣ್ಣಿನ ಆಳವಾಗಲಿ ಹಿಡಿತವಾಗಲಿ ಎಲ್ಲೆಡೆ ಖಚಿತವಾಗಿ ತಿಳಿದಿಲ್ಲವಾದ್ದರಿಂದ, ಬೇರೆ ಬೇರೆ ಬೆಲೆಗಳನ್ನು ಊಹಿಸಿ ಅದೇ ಲೆಕ್ಕವನ್ನು ಸಾವಿರ ಸಲ ಮಾಡಬೇಕು: 1,140 ಕೋಟಿ ಲೆಕ್ಕಗಳು, ಅದೂ ಒಂದೇ ಒಂದು ಮಳೆಯ ಸನ್ನಿವೇಶಕ್ಕೆ. ಮಳೆಗಾಲದ ಪ್ರತಿ ಗಂಟೆಗೂ ಇದನ್ನು ಮಾಡಲು ಹೊರಟಾಗ ಲ್ಯಾಬಿನ ಕಂಪ್ಯೂಟರ್ ಸಾಲದೆ ಹೋಗುತ್ತದೆ.

ಕಡಲಿನ ಬಗ್ಗೆ?

ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಅಲೆಗಳ ಎತ್ತರ, ಪ್ರವಾಹ, ಉಷ್ಣತೆಗಳ ಮುನ್ಸೂಚನೆಯನ್ನು ಇಂಥ ಮಾದರಿಗಳಿಂದಲೇ ಕೊಡುತ್ತದೆ. ಮೀನು ಸಿಗುವ ಸಂಭವವಿರುವ ವಲಯಗಳನ್ನೂ ಅದು ಸೂಚಿಸುತ್ತದೆ, ಆದರೆ ಅದಕ್ಕೆ ಮುಖ್ಯ ಆಧಾರ ಉಪಗ್ರಹಗಳು ಕಾಣುವ ನೀರಿನ ಉಷ್ಣತೆ ಮತ್ತು ಹಸಿರು ಸೂಕ್ಷ್ಮಜೀವಿಗಳ ಪ್ರಮಾಣ. ಸುನಾಮಿಯ ವಿಷಯದಲ್ಲಿ ಬಳಸುವ ವಿಧಾನವನ್ನು ವಿದ್ಯಾರ್ಥಿಗಳು ಗಮನಿಸಬೇಕು: ಭೂಕಂಪವಾದ ಮೇಲೆ ಲೆಕ್ಕ ಆರಂಭಿಸಿದರೆ ಹೊತ್ತು ಮೀರುತ್ತದೆ ಎಂದು, ಸಂಭವನೀಯ ಭೂಕಂಪಗಳಿಗೆ ಅಲೆಗಳು ಹೇಗೆ ಹರಡುತ್ತವೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಸಂಗ್ರಹಿಸಿ ಇಡಲಾಗಿದೆ, ನಿಜವಾದ ಭೂಕಂಪವಾದಾಗ ಹತ್ತಿರದ ಸನ್ನಿವೇಶವನ್ನು ಹುಡುಕಿ ತೆಗೆದರೆ ಸಾಕು.

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವೂ ಈ ಊರಿನಲ್ಲಿದೆ. ತಾರ್ಲೆ, ಬಂಗಡೆಗಳ ಇಳುವರಿ ಒಂದು ವರ್ಷ ಏರಿ ಮತ್ತೊಂದು ವರ್ಷ ಕುಸಿಯುವುದನ್ನು ಕಡಲಿನ ಮಾದರಿಗಳೊಂದಿಗೆ ಸೇರಿಸಿ ನೋಡಬಲ್ಲ ಯುವಕ ಯುವತಿಯರು ಈ ಕಿನಾರೆಯಿಂದಲೇ ಬರಬೇಕು.

ಮಂಗನ ಕಾಯಿಲೆ, ಅಡಿಕೆಯ ರೋಗಗಳ ಸಂಶೋಧನೆಗೆ ಇದರಿಂದ ಉಪಯೋಗವಿದೆಯೇ?

ಕೆಲವು ಹಂತಗಳಲ್ಲಿ ಇದೆ, ಕೆಲವದರಲ್ಲಿ ಇಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ಸಿದ್ದಾಪುರ ತಾಲೂಕನ್ನು ಮತ್ತೆ ಮತ್ತೆ ಕಾಡಿರುವ ಮಂಗನ ಕಾಯಿಲೆಯ ವೈರಸ್ಸಿನ ಆನುವಂಶಿಕ ಪಠ್ಯ ಸುಮಾರು 11,000 ಅಕ್ಷರಗಳಷ್ಟು ಚಿಕ್ಕದು. ಅಂಥ ನೂರಾರು ಪಠ್ಯಗಳನ್ನು ಹೋಲಿಸಿ ವಂಶವೃಕ್ಷ ಬಿಡಿಸಲು ಒಳ್ಳೆಯ ಲ್ಯಾಪ್‌ಟಾಪ್ ಸಾಕು. ಆದರೆ ಆ ವೈರಸ್ಸಿನ ಒಂದು ಪ್ರೋಟೀನಿಗೆ ಒಂದು ಔಷಧದ ಅಣು ಅಂಟಿಕೊಂಡು ನಿಲ್ಲುತ್ತದೆಯೇ ಎಂದು ಪರಮಾಣು ಪರಮಾಣುವಾಗಿ ನೋಡಬೇಕಾದರೆ, ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡಿನ (ಒಂದು ಫೆಮ್ಟೊಸೆಕೆಂಡು ಸೆಕೆಂಡಿನ ಸಾವಿರ ಲಕ್ಷ ಕೋಟಿಯಲ್ಲೊಂದು ಭಾಗ) ಹೆಜ್ಜೆಗಳಲ್ಲಿ ಚಲನೆಯನ್ನು ಲೆಕ್ಕ ಹಾಕಬೇಕು. ಒಂದು ಮೈಕ್ರೊಸೆಕೆಂಡಿನ ಚಲನೆ ನೋಡಲು 50 ಕೋಟಿ ಹೆಜ್ಜೆಗಳು. ಪ್ರತಿ ಹೆಜ್ಜೆಯಲ್ಲೂ ಸುತ್ತಲಿನ ನೀರೂ ಸೇರಿ ಲಕ್ಷಾಂತರ ಪರಮಾಣುಗಳ ಪರಸ್ಪರ ಬಲಗಳು. ಗ್ರೋಮ್ಯಾಕ್ಸ್‌ನಂಥ ಮುಕ್ತ ತಂತ್ರಾಂಶಗಳು ಇದನ್ನು ಜಿಪಿಯುಗಳ ಮೇಲೆ ಚೆನ್ನಾಗಿ ಮಾಡುತ್ತವೆ. ಅಡಿಕೆಯ ಕೊಳೆ ರೋಗಕ್ಕೆ ಕಾರಣವಾದ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಅಧ್ಯಯನದಲ್ಲೂ ದೊಡ್ಡ ಜೀನೋಮ್‌ಗಳನ್ನು (ಪೂರ್ತಿ ಆನುವಂಶಿಕ ಪಠ್ಯಗಳನ್ನು) ಜೋಡಿಸುವ ಹಂತದಲ್ಲಿ, ವಿಶೇಷವಾಗಿ ಹೆಚ್ಚಿನ ಮೆಮೊರಿಯ ನೋಡ್‌ಗಳು ಬೇಕಾದಾಗ, ಇಂಥ ಯಂತ್ರ ನೆರವಿಗೆ ಬರುತ್ತದೆ.

ಕೋರ್‌ಗಳನ್ನು ನೂರು ಪಟ್ಟು ಹೆಚ್ಚಿಸಿದರೆ ಕೆಲಸ ನೂರು ಪಟ್ಟು ಬೇಗ ಮುಗಿಯುವುದೇ?

ಮುಗಿಯುವುದಿಲ್ಲ, ಮತ್ತು ವಿದ್ಯಾರ್ಥಿ ಮೊದಲು ಅರಿಯಬೇಕಾದ ವಿಷಯವೇ ಇದು. ಅಡಿಕೆ ಸುಲಿಯಲು ಹತ್ತು ಮಂದಿ ಬಂದರೆ ರಾಶಿ ಬೇಗ ಕರಗುತ್ತದೆ. ಆದರೆ ಸುಲಿದದ್ದನ್ನು ಬೇಯಿಸುವ ಹಂಡೆ ಒಂದೇ ಆಗಿದ್ದರೆ, ಬೇಯುವ ಹೊತ್ತು ಯಾರು ಬಂದರೂ ಕಡಿಮೆಯಾಗುವುದಿಲ್ಲ. ಲೆಕ್ಕದಲ್ಲೂ ಹಂಚಲಾಗದ ಭಾಗವೊಂದು ಇದ್ದೇ ಇರುತ್ತದೆ. ಪ್ರೋಗ್ರಾಮಿನ ಶೇ. 5ರಷ್ಟು ಭಾಗ ಹಂಚಲಾಗದ್ದು ಎಂದಿಟ್ಟುಕೊಂಡರೆ, 100 ಕೋರ್‌ಗಳಲ್ಲಿ ಅದು ಸುಮಾರು 17 ಪಟ್ಟು ಮಾತ್ರ ವೇಗವಾಗುತ್ತದೆ. 1,000 ಕೋರ್ ಕೊಟ್ಟರೂ 20 ಪಟ್ಟನ್ನು ಮುಟ್ಟುವುದಿಲ್ಲ. 1967ರಲ್ಲಿ ಜೀನ್ ಆಮ್‌ಡಾಲ್ ಮಂಡಿಸಿದ ಈ ನಿಯಮವನ್ನು ಅರಿಯದೆ ಸಾವಿರ ಕೋರ್ ಕೇಳುವವರು ಇತರರ ಪಾಲಿನ ಸಮಯವನ್ನು ಸುಮ್ಮನೆ ತಡೆದಿಡುತ್ತಾರೆ.

ವಿದ್ಯಾರ್ಥಿ ಇದರ ಮೇಲೆ ಕೆಲಸ ಮಾಡುತ್ತ ನಿಜವಾಗಿ ಕಲಿಯುವುದೇನು?

ಮೊದಲ ದಿನ ಕಾಣುವುದು ಕಪ್ಪು ಪರದೆ ಮತ್ತು ಮಿಣುಕುವ ಕರ್ಸರ್ ಮಾತ್ರ. ಜಗತ್ತಿನ ಅತಿ ವೇಗದ 500 ಯಂತ್ರಗಳ ಪಟ್ಟಿಯಲ್ಲಿರುವುದೆಲ್ಲವೂ 2017ರಿಂದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆಯೇ ನಡೆಯುತ್ತಿವೆ. ಆದ್ದರಿಂದ ಮೌಸ್ ಬಿಟ್ಟು ಆದೇಶಗಳನ್ನು ಟೈಪ್ ಮಾಡುವ ಅಭ್ಯಾಸ ಮೊದಲು ಆಗಬೇಕು. ಒಳಗೆ ಹೋದಾಗ ನಾವು ಇರುವುದು ಲಾಗಿನ್ ನೋಡ್‌ನಲ್ಲಿ. ಅಲ್ಲಿ ಫೈಲ್ ತಿದ್ದಬಹುದು, ಪ್ರೋಗ್ರಾಂ ಕಂಪೈಲ್ ಮಾಡಬಹುದು. ದೊಡ್ಡ ಲೆಕ್ಕ ನಡೆಸುವಂತಿಲ್ಲ. ಲೆಕ್ಕಕ್ಕಾಗಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದು, ಎಷ್ಟು ನೋಡ್, ಎಷ್ಟು ಕೋರ್, ಎಷ್ಟು ಮೆಮೊರಿ, ಎಷ್ಟು ಗಂಟೆ ಬೇಕು ಎಂದು ನಮೂದಿಸಿ, ಸ್ಲರ್ಮ್‌ನಂಥ ಸರದಿ ವ್ಯವಸ್ಥೆಗೆ ಒಪ್ಪಿಸಬೇಕು. ಎರಡು ಗಂಟೆ ಎಂದು ಬರೆದು ಕೆಲಸ ಎರಡೂಕಾಲು ಗಂಟೆ ಹಿಡಿದರೆ ವ್ಯವಸ್ಥೆ ಅದನ್ನು ನಿಲ್ಲಿಸಿಬಿಡುತ್ತದೆ. ಇಪ್ಪತ್ತು ಗಂಟೆ ಎಂದು ಬರೆದರೆ ಸರದಿಯಲ್ಲಿ ಹಿಂದೆ ಉಳಿಯಬೇಕಾದೀತು. ತನ್ನ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಚಿಕ್ಕ ಪ್ರಮಾಣದಲ್ಲಿ ಮಾಡಿ ನೋಡಿ ಅಂದಾಜಿಸುವುದನ್ನು ವಿದ್ಯಾರ್ಥಿ ಹೀಗೆ ಕಲಿಯುತ್ತಾನೆ, ಕಲಿಯುತ್ತಾಳೆ. ಪರೀಕ್ಷೆಯ ಉತ್ತರಪತ್ರಿಕೆ ಈ ಅಂದಾಜಿನ ಬುದ್ಧಿಯನ್ನು ಕಲಿಸುವುದಿಲ್ಲ.

ಮುಂದಿನ ಹಂತ ಸಮಾನಾಂತರ ಪ್ರೋಗ್ರಾಮಿಂಗ್. ಒಂದೇ ನೋಡ್‌ನ ಕೋರ್‌ಗಳ ನಡುವೆ ಕೆಲಸ ಹಂಚಲು ಓಪನ್‌ಎಂಪಿ, ನೋಡ್‌ಗಳ ನಡುವೆ ಮಾಹಿತಿ ಕಳಿಸಲು ಎಂಪಿಐ, ಜಿಪಿಯುಗಳಿಗೆ ‘ಕೂಡಾ’ (CUDA) ಇತ್ಯಾದಿ. ಇವುಗಳಿಗಿಂತಲೂ ಬಾಳಿಕೆ ಬರುವ ಪಾಠ ಒಂದಿದೆ. ಕಂಪ್ಯೂಟರಿನಲ್ಲಿ ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಉತ್ತರದ ಕೊನೆಯ ಅಂಕಿಗಳು ಬದಲಾಗುತ್ತವೆ. ನೂರು ಕೋರ್‌ಗಳ ಮೇಲೆ ಬಂದ ಮೊತ್ತ ಒಂದು ಕೋರಿನ ಮೊತ್ತಕ್ಕೆ ಕೂದಲೆಳೆಯಷ್ಟು ಬೇರೆಯಾದಾಗ, ಇದು ದೋಷವೋ ಸಹಜ ವ್ಯತ್ಯಾಸವೋ ಎಂದು ತೀರ್ಮಾನಿಸಲು ಗಣಿತವನ್ನು ಆಳವಾಗಿ ಬಲ್ಲವರಾಗಿರಬೇಕು. ಇಲ್ಲಿಯವರೆಗೆ ಬಂದ ವಿದ್ಯಾರ್ಥಿ ಪರದೆಯ ಮೇಲೆ ಮೂಡಿದ್ದನ್ನೆಲ್ಲ ನಂಬುವುದನ್ನು ಬಿಟ್ಟಿರುತ್ತಾನೆ, ಅದೇ ಸಂಶೋಧಕನಾಗುವ ಆರಂಭ.

ಮಾದರಿಯ ಉತ್ತರ ಸರಿಯೆಂದು ತಿಳಿಯುವುದು ಹೇಗೆ?

ನೆಲದ ಮೇಲೆ ಅಳೆದದ್ದರೊಂದಿಗೆ ಹೋಲಿಸಿ. ಇದಕ್ಕೆ ಬೇರೆ ದಾರಿಯಿಲ್ಲ, ಮತ್ತು ನಮ್ಮ ಜಿಲ್ಲೆಯ ಪಾತ್ರ ಎಲ್ಲಕ್ಕಿಂತ ದೊಡ್ಡದಾಗುವುದು ಇಲ್ಲಿಯೇ. ಘಟ್ಟದ ಮೇಲಿನ ಎಷ್ಟೋ ಬೆಳೆಗಾರರು ಅಂಗಳದ ಮಳೆಮಾಪಕದಲ್ಲಿ ದಿನವೂ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು 1980ರ ದಶಕದಿಂದ ಇಲ್ಲಿನ ಕಾಡುಗಳಲ್ಲಿ ಮರಗಳನ್ನು ಅಳೆದಿದ್ದಾರೆ. ಶಿರಸಿಯ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳು ವರ್ಷವೂ ಕಾಡಿಗೆ ಇಳಿಯುತ್ತಾರೆ. ಎಷ್ಟು ಪೆಟಾಫ್ಲಾಪ್ ಇದ್ದರೂ ಇಂಥ ಅಳತೆ ಇಲ್ಲದ ಕಡೆ ಮಾದರಿ ಕುರುಡಾಗಿಯೇ ಇರುತ್ತದೆ. ಆ ಮಳೆ ಪುಸ್ತಕಗಳನ್ನು ಒಟ್ಟುಮಾಡಿ, ತಪ್ಪುಗಳನ್ನು ಸೋಸಿ, ಕಂಪ್ಯೂಟರಿಗೆ ಏರಿಸುವುದು ಒಂದು ಪದವಿ ಕಾಲೇಜು ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದಾದ, ನಿಜವಾದ ವೈಜ್ಞಾನಿಕ ಕೆಲಸ.

ಕಾರವಾರದಲ್ಲೋ ಶಿರಸಿಯಲ್ಲೋ ಕುಳಿತು ಇಂಥ ಯಂತ್ರ ಬಳಸಲು ಸಾಧ್ಯವೇ?

ಸಾಧ್ಯ. ಬೆಂಗಳೂರಿನವರೂ ಯಂತ್ರದ ಕೋಣೆಗೆ ಹೋಗಿ ಕೂರುವುದಿಲ್ಲ. ತಮ್ಮ ಮೇಜಿನಿಂದಲೇ ನೆಟ್‌ವರ್ಕ್ ಮೂಲಕ ಒಳಹೊಗುತ್ತಾರೆ. ಸಾಮಾನ್ಯವಾಗಿ ಅಧ್ಯಾಪಕರ ಹೆಸರಿನಲ್ಲಿ ಒಂದು ಸಂಶೋಧನಾ ಪ್ರಸ್ತಾವ ಇರಬೇಕು, ಅದರ ಅಡಿಯಲ್ಲಿ ವಿದ್ಯಾರ್ಥಿಗೆ ಖಾತೆ ಸಿಗುತ್ತದೆ. ಯಂತ್ರವಿರುವ ಸಂಸ್ಥೆಗಳ ನಿಯಮ, ಶುಲ್ಕಗಳು ಒಂದೊಂದು ಕಡೆ ಒಂದೊಂದು ರೀತಿ ಇರುವುದರಿಂದ ಆಯಾ ಕೇಂದ್ರಕ್ಕೇ ಬರೆದು ಕೇಳಬೇಕು. ಒಬ್ಬ ವಿಜ್ಞಾನಿಯೊಂದಿಗೆ ಜಂಟಿಯಾಗಿ ಕೆಲಸ ಮಾಡುವುದು ಎಲ್ಲಕ್ಕಿಂತ ಸುಗಮವಾದ ದಾರಿ. ತರಬೇತಿಗೆಂದು ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ನಾಲ್ಕು ಐಐಟಿಗಳಲ್ಲಿ ಕೇಂದ್ರಗಳನ್ನು ತೆರೆದಿದೆ: ಖರಗ್‌ಪುರ, ಮದ್ರಾಸ್, ಪಾಲಕ್ಕಾಡ್ ಮತ್ತು ಗೋವಾ. ಗೋವಾದ್ದು ಕಾರವಾರಕ್ಕೆ ಧಾರವಾಡಕ್ಕಿಂತಲೂ ಹತ್ತಿರ.

ಮಳೆಗಾಲದಲ್ಲಿ ಕರೆಂಟು ಹೋದರೆ, ನೆಟ್‌ವರ್ಕ್ ಕಡಿದರೆ ಏನಾಗುತ್ತದೆ ಎಂದು ಘಟ್ಟದ ಮೇಲಿನ ವಿದ್ಯಾರ್ಥಿಗಳು ಕೇಳುವುದು ಸಹಜ. ಸರದಿಗೆ ಒಪ್ಪಿಸಿದ ಕೆಲಸ ದೂರದ ಯಂತ್ರದಲ್ಲಿ ನಡೆಯುತ್ತಲೇ ಇರುತ್ತದೆ, ನಿಮ್ಮ ಲ್ಯಾಪ್‌ಟಾಪ್ ಆರಿಹೋದರೂ ಅದಕ್ಕೆ ತೊಂದರೆಯಿಲ್ಲ. ದೊಡ್ಡ ಫೈಲ್‌ಗಳನ್ನು ತರುವಾಗ ಆರ್‌ಸಿಂಕ್ ಎಂಬ ಫೈಲ್ ನಕಲಿಸುವ ತಂತ್ರಾಂಶ ಬಳಸಿದರೆ ಈಗಾಗಲೇ ಬಂದ ಫೈಲ್‌ಗಳನ್ನು ಮತ್ತೆ ಇಳಿಸಿಕೊಳ್ಳಬೇಕಾಗುವುದಿಲ್ಲ. ಸಾಧ್ಯವಾದಷ್ಟು ವಿಶ್ಲೇಷಣೆಯನ್ನು ಅಲ್ಲಿಯೇ ಮುಗಿಸಿ, ಚಿತ್ರ ಮತ್ತು ಕೋಷ್ಟಕಗಳನ್ನಷ್ಟೇ ಇಲ್ಲಿಗೆ ತರುವುದು ಜಾಣತನ.

ನಮ್ಮ ಕಾಲೇಜಿನ ಬಳಿ ಹಣವಿಲ್ಲ. ಏನೂ ಮಾಡಲಾಗದೇ?

1994ರಲ್ಲಿ ಅಮೆರಿಕದ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಇಂಟೆಲ್ 486 ಎಂಬ ಆ ಕಾಲದ ಚಿಪ್‌ನ 16 ಸಾಧಾರಣ ಕಂಪ್ಯೂಟರ್‌ಗಳನ್ನು ಮಾಮೂಲಿ ಈಥರ್ನೆಟ್ ತಂತಿಯಿಂದ ಜೋಡಿಸಿ ಬೇವುಲ್ಫ್ ಎಂಬ ಕ್ಲಸ್ಟರ್ (ಒಟ್ಟಿಗೆ ದುಡಿಯುವ ಕಂಪ್ಯೂಟರ್‌ಗಳ ಗುಂಪು) ಕಟ್ಟಿದರು. ಇಂದು ಯಾವುದೇ ಕಾಲೇಜಿನ ಲ್ಯಾಬಿನಲ್ಲಿರುವ ನಾಲ್ಕು ಹಳೆಯ ಡೆಸ್ಕ್‌ಟಾಪ್‌ಗಳು ಅವೆಲ್ಲಕ್ಕಿಂತ ಶಕ್ತಿಶಾಲಿ. ಅವುಗಳಲ್ಲಿ ಲಿನಕ್ಸ್, ಎಂಪಿಐ, ಸ್ಲರ್ಮ್ ಹಾಕಲು ತಂತ್ರಾಂಶದ ಖರ್ಚಿಲ್ಲ. ವೇಗ ಸಿಗದಿರಬಹುದು, ಆದರೆ ಕೆಲಸ ಹಂಚುವ, ಸರದಿ ನಡೆಸುವ, ಒಂದು ನೋಡ್ ಕೈಕೊಟ್ಟಾಗ ಕಾರಣ ಹುಡುಕುವ ವಿದ್ಯೆ ಪೂರ್ತಿ ಸಿಗುತ್ತದೆ. ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ಈ ವಿಷಯದ ಪಾಠಗಳನ್ನು ಉಚಿತವಾಗಿ ನೋಡಬಹುದು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಎಟುಕುವುದೇ?

ಖಂಡಿತ. ಬೇಕಾದ ಇಂಗ್ಲಿಷ್ ಕೆಲವು ನೂರು ಪದಗಳದ್ದು, ಬೇಕಾದ ಗಣಿತ ಯಾವ ಭಾಷೆಯಲ್ಲಿ ಕಲಿತರೂ ಒಂದೇ. ಮೊದಲ ಪಾಠವನ್ನು ಕನ್ನಡದಲ್ಲಿ ವಿವರಿಸುವ ಅಧ್ಯಾಪಕರು ಸಿಕ್ಕರೆ ಹಿಂಜರಿಕೆ ಬೇಗ ಕಳೆಯುತ್ತದೆ.

ಇಷ್ಟು ವಿದ್ಯುತ್ ಬಳಸುವುದು ನ್ಯಾಯವೇ?

ಕೇಳಲೇಬೇಕಾದ ಪ್ರಶ್ನೆ. 2022ರಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೆ ಬಂದ ಅಮೆರಿಕದ ಫ್ರಾಂಟಿಯರ್ ಸುಮಾರು 21 ಮೆಗಾವ್ಯಾಟ್ ಬಳಸುತ್ತಿತ್ತು. ಕೈಗಾದ 220 ಮೆಗಾವ್ಯಾಟಿನ ಒಂದು ಘಟಕದ ಉತ್ಪಾದನೆಯ ಹತ್ತಿರಹತ್ತಿರ ಹತ್ತನೇ ಒಂದು ಪಾಲು ಅದು. ನಮ್ಮ ವಿಶ್ವವಿದ್ಯಾಲಯಗಳ ಯಂತ್ರಗಳು ಅದಕ್ಕಿಂತ ಬಹಳ ಚಿಕ್ಕವು. ಆದರೂ ವಿದ್ಯುತ್ ಯೋಜನೆಗಳಿಗಾಗಿ ನೆಲ ಬಿಟ್ಟುಕೊಟ್ಟ ಜನರಿರುವ ಜಿಲ್ಲೆಯವರಾಗಿ ನಾವು ಈ ಎಚ್ಚರವನ್ನು ಮರೆಯಬಾರದು. ಚಿಕ್ಕ ಪ್ರಮಾಣದಲ್ಲಿ ಪರೀಕ್ಷಿಸದೆ ದೊಡ್ಡ ಲೆಕ್ಕ ಒಪ್ಪಿಸುವುದು, ಮಧ್ಯೆ ಮಧ್ಯೆ ಸ್ಥಿತಿಯನ್ನು ಉಳಿಸಿಕೊಳ್ಳದೆ ಮೂರು ದಿನದ ಕೆಲಸವನ್ನು ಕೊನೆಯ ಗಂಟೆಯಲ್ಲಿ ಕಳೆದುಕೊಳ್ಳುವುದು ಬರೀ ಅಜಾಗರೂಕತೆಯಲ್ಲ, ಅಪವ್ಯಯವೂ ಹೌದು.

ಮುಂದೆ ಕೆಲಸ ಎಲ್ಲಿ ಸಿಗುತ್ತದೆ?

ಹವಾಮಾನ ಮತ್ತು ಸಾಗರ ಸಂಸ್ಥೆಗಳು, ಇಸ್ರೋ, ಸಿ-ಡ್ಯಾಕ್, ಔಷಧ ಮತ್ತು ವಾಹನ ವಿನ್ಯಾಸದ ಕಂಪನಿಗಳು, ಕೃತಕ ಬುದ್ಧಿಮತ್ತೆಯ ಕಂಪನಿಗಳು. ಯಂತ್ರವನ್ನು ನೋಡಿಕೊಳ್ಳುವವರಿಗೂ ಬೇಡಿಕೆಯಿದೆ; ಅದಕ್ಕಾಗಿಯೇ ಸಿ-ಡ್ಯಾಕ್ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ.

ಇಂದೇ ಆರಂಭಿಸಬೇಕೆಂದರೆ ಮೊದಲು ಏನು ಮಾಡಬೇಕು?

ಭಾರತೀಯ ಹವಾಮಾನ ಇಲಾಖೆ 1901ರಿಂದ ಈಚಿನ ದಿನವಹಿ ಮಳೆಯ ಮಾಹಿತಿಯನ್ನು ಕಾಲು ಡಿಗ್ರಿ ಅಗಲದ, ಅಂದರೆ ಸುಮಾರು 27 ಕಿಲೋಮೀಟರಿನ ಚೌಕಗಳಲ್ಲಿ ಉಚಿತವಾಗಿ ಒದಗಿಸುತ್ತದೆ. ನಮ್ಮ ಜಿಲ್ಲೆಯ ವಿಸ್ತೀರ್ಣ ಅಂಥ ಹದಿನೈದರ ಆಸುಪಾಸು ಚೌಕಗಳಷ್ಟು. ಪೈಥಾನ್‌ನಲ್ಲಿ ಒಂದು ವರ್ಷದ ಫೈಲ್ ತೆರೆದು, ಆ ಚೌಕಗಳಲ್ಲಿ ದಿನಕ್ಕೆ 100 ಮಿಲಿಮೀಟರ್ ಮೀರಿದ ದಿನಗಳನ್ನು ಎಣಿಸಿ. ಉತ್ತರವನ್ನು ಊರಿನ ಯಾರದಾದರೂ ಮಳೆ ಪುಸ್ತಕದೊಂದಿಗೆ ಹೋಲಿಸಿ, ಎಲ್ಲಿ ಹೊಂದುವುದಿಲ್ಲ, ಏಕೆ ಎಂದು ಬರೆದಿಡಿ. ಆಮೇಲೆ ಎಲ್ಲ ವರ್ಷಗಳ ಫೈಲ್‌ಗಳನ್ನೂ ನಿಮ್ಮ ಕಂಪ್ಯೂಟರಿನ ನಾಲ್ಕು ಕೋರ್‌ಗಳಿಗೆ ಹಂಚಿ. ಒಂದು ವರ್ಷದ ಎಣಿಕೆಗೆ ಇನ್ನೊಂದು ವರ್ಷದ ಹಂಗಿಲ್ಲವಾದ್ದರಿಂದ ಇದು ಸುಲಭವಾಗಿ ಹಂಚಲಾಗುವ ಲೆಕ್ಕ. ಒಂದು ಕೋರಿನಲ್ಲಿ ಎಷ್ಟು ಹೊತ್ತು ಹಿಡಿಯಿತು, ನಾಲ್ಕರಲ್ಲಿ ಎಷ್ಟು ಎಂಬುದನ್ನು ಅಳೆದು, ನಾಲ್ಕು ಪಟ್ಟು ವೇಗ ಏಕೆ ಬರಲಿಲ್ಲ ಎಂಬುದಕ್ಕೆ ಕಾರಣ ಹುಡುಕಿ.